ಉದುರಿದ ಕೂದಲನ್ನು ಕವರ್‌ನಲ್ಲಿ ತರುವವರಿಗೆ ನಾನು ಹೇಳೋದು

ಕೊಡಗಿನ ವಿರಾಜಪೇಟೆಯಲ್ಲಿ ನಾನು ಚರ್ಮರೋಗದ ಡಾಕ್ಟರ್. ಕೂದಲಿನ ತೊಂದರೆ ಅಂತ ಬರುವವರಲ್ಲಿ ಬಹಳ ಜನ ಉದುರಿದ ಕೂದಲನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ತರುತ್ತಾರೆ. ತಂದರೆ ನನಗೇನೂ ಬೇಜಾರಿಲ್ಲ, ಅದರಿಂದ ನನಗೆ ಕೆಲಸ ಇದೆ. ಒಂದು ಕೂದಲು ತೆಗೆದು ಕಪ್ಪು ಬಟ್ಟೆ ಮೇಲಿಟ್ಟು ಲೆನ್ಸ್ ಹಿಡಿದು ತೋರಿಸುತ್ತೇನೆ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಕಾಣುತ್ತದೆ. "ಬೇರೇ ಕಿತ್ತು ಬಂದಿದೆ ಅಲ್ವಾ ಮೇಡಂ? ಇನ್ನು ಅಲ್ಲಿ ಹುಟ್ಟಲ್ಲ ಅಲ್ವಾ?" ಅಂತ ಗಾಬರಿಯಿಂದ ಕೇಳುತ್ತಾರೆ.

ಅದು ಬೇರಲ್ಲ. ಕೂದಲು ಹುಟ್ಟುವ ಜಾಗ ಚರ್ಮದ ಒಳಗೇ ಉಳಿದಿರುತ್ತದೆ. ಹಣ್ಣಾದ ಕಾಫಿ ಉದುರಿದರೂ ಗಿಡ ಅಲ್ಲೇ ಇರುತ್ತದಲ್ಲ, ಹಾಗೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಬೆಳೆಯೋದು ನಿಲ್ಲಿಸಿ ಸುಮಾರು ಮೂರು ತಿಂಗಳು ಸುಮ್ನೆ ಇದ್ದು ಉದುರುತ್ತದೆ. ಆ ಬಿಳಿ ಗಂಟು ಇದ್ದರೆ ಅದು ವಿಶ್ರಾಂತಿ ಮುಗಿಸಿ ಬಿದ್ದ ಕೂದಲು ಅಂತ ಅರ್ಥ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು.

ಅದಕ್ಕಿಂತ ಜಾಸ್ತಿ ಉದುರುತ್ತಿದ್ದರೆ ನಾನು ಮೊದಲು ಕೇಳೋದು ಎಣ್ಣೆ ಯಾವುದು, ಶಾಂಪೂ ಯಾವುದು ಅಂತಲ್ಲ. ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ. ಜೋರು ಜ್ವರ, ಹೆರಿಗೆ, ಆಪರೇಷನ್, ಮನೆಯಲ್ಲಿ ಸಾವು, ಊಟ ಬಿಟ್ಟು ತೂಕ ಇಳಿಸಿದ್ದು, ಹೆಚ್ಚಾಗಿ ಯಾವುದಾದರೂ ಒಂದು ಇರುತ್ತದೆ. ದೇಹಕ್ಕೆ ಅಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ನಿಂತುಬಿಡುತ್ತವೆ. ಎರಡು ಮೂರು ತಿಂಗಳು ಕಳೆದ ಮೇಲೆ ಒಟ್ಟಿಗೇ ಉದುರುತ್ತವೆ. ಅಷ್ಟೊತ್ತಿಗೆ ಜ್ವರ ಮರೆತೇ ಹೋಗಿರುತ್ತದೆ, ಬೈಗುಳ ಮಾತ್ರ ಹೊಸ ಶಾಂಪೂಗೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದಾಗ ಎಷ್ಟೋ ಜನ ಮನೆ ತೋಟ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದರು. ಆ ವರ್ಷ ಪುತ್ತರಿ ಹೊತ್ತಿಗೆ, ಅಂದರೆ ನವೆಂಬರ್ ಕೊನೆಯ ಸುಗ್ಗಿ ಹಬ್ಬದ ಹೊತ್ತಿಗೆ, ನನ್ನ ಹತ್ತಿರ ಬಂದ ಹೆಂಗಸರಲ್ಲಿ ಕೆಲವರದ್ದು ಇದೇ ಕಥೆ. ಬಾಚಿದರೆ ಹಿಡಿ ಹಿಡಿ ಬರುತ್ತಿತ್ತು. ತಲೆಯ ಚರ್ಮ ಮಾತ್ರ ಚೆನ್ನಾಗೇ ಇತ್ತು. ಅವರಿಗೆ ನಾನು ಬರೆದುಕೊಟ್ಟಿದ್ದು ತುಂಬಾ ಕಮ್ಮಿ. ಆರು ತಿಂಗಳಲ್ಲಿ ನಿಲ್ಲುತ್ತದೆ, ತಲೆ ಪೂರ್ತಿ ಬೋಳಾಗಲ್ಲ ಅಂತ ಹೇಳೋದರಲ್ಲೇ ಹೊತ್ತು ಹೋಗುತ್ತಿತ್ತು. ರಕ್ತ ಕಮ್ಮಿ ಇದೆ ಅನ್ನಿಸಿದವರಿಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋದು), ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಕಬ್ಬಿಣದ ಮಾತ್ರೆ ಕೊಡುವಾಗ ಕಾಫಿ ಜೊತೆ ನುಂಗಬೇಡಿ, ಆಚೆ ಈಚೆ ಒಂದು ಗಂಟೆ ಬಿಡಿ ಅಂತ ಹೇಳಬೇಕಾಗುತ್ತದೆ. ಕಾಫಿ, ಟೀ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ. ಕಾಫಿ ನಾಡಿನಲ್ಲಿ ಕೂತು ಇದನ್ನು ಹೇಳೋದು ಸುಲಭ ಅಲ್ಲ ಬಿಡಿ. ಇನ್ನು ಕೂದಲಿಗೆ ಅಂತ ನುಂಗುವ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ. ಕೊರತೆ ಇಲ್ಲದವರಿಗೆ ಅದರಿಂದ ಏನೂ ಆಗಲ್ಲ, ಮೇಲಿಂದ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು. ಅದನ್ನು ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ.

ಕೇಳಿದ್ದಾಯ್ತು ಅಂದರೆ ಬೈತಲೆ ತೆಗೆದು ನೋಡುತ್ತೇನೆ, ಬೆರಳಿನಿಂದ ಮುಟ್ಟುತ್ತೇನೆ. ಒಂದು ಸಣ್ಣ ಗೊಂಚಲು ಕೂದಲು ಹಿಡಿದು ಮೆಲ್ಲಗೆ ಎಳೆಯುತ್ತೇನೆ. ಚರ್ಮ ಕೆಂಪಾಗಿದೆಯಾ, ಹೊಟ್ಟು ಇದೆಯಾ, ಕೂದಲು ಬುಡದಲ್ಲಿ ಮುರಿದಿದೆಯಾ, ರಂಧ್ರಗಳು ಕಾಣುತ್ತವಾ, ಇಷ್ಟು ನೋಡದೆ ಪೆನ್ನು ಹಿಡಿಯೋದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಔಷಧಿ ಕೇಳುವವರಿಗೆ ಇಲ್ಲ ಅನ್ನೋದು ಇದಕ್ಕೇ.

ನಮ್ಮ ಮಳೆಗಾಲದಲ್ಲಿ ಜಾಸ್ತಿ ಬರೋದು ತಲೆಹೊಟ್ಟು. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಬಟ್ಟೆಯೇ ಒಲೆ ಮೇಲೆ ಒಣಗಬೇಕು, ಇನ್ನು ಉದ್ದ ಕೂದಲು ಒಣಗೋದು ಹೇಗೆ? ಒದ್ದೆ ಕೂದಲನ್ನೇ ತುರುಬು ಕಟ್ಟಿ ಮೇಲೊಂದು ಸ್ಕಾರ್ಫ್ ಸುತ್ತಿ ಕೆಲಸಕ್ಕೆ ಹೋಗುತ್ತಾರೆ. ತುರಿಕೆ ಶುರುವಾದರೆ "ತಲೆ ಒಣಗಿದೆ" ಅಂತ ಎಣ್ಣೆ ಸುರಿಯುತ್ತಾರೆ. ತೊಂದರೆ ಇಲ್ಲೇ. ಈ ಹೊಟ್ಟು ಒಣಗಿದ್ದಕ್ಕೆ ಬರೋದಲ್ಲ. ಎಲ್ಲರ ತಲೆಯಲ್ಲೂ ಇರುವ ಮಲಾಸೀಜಿಯಾ ಅನ್ನೋ ಫಂಗಸ್ ಜಿಡ್ಡು ತಿಂದು ಬದುಕುತ್ತದೆ. ಕೆಲವರ ಚರ್ಮ ಅದಕ್ಕೆ ಕೆರಳುತ್ತದೆ. ಎಣ್ಣೆ ಹಾಕಿದರೆ ಹೊಟ್ಟು ಅಂಟಿಕೊಂಡು ಕಾಣದ ಹಾಗಾಗುತ್ತದೆ, ಅಷ್ಟೇ.

ಮೊನ್ನೆ ಹಿರಿಯರೊಬ್ಬರು, ಮದುವೆ ಆದಾಗಿನಿಂದ ರಾತ್ರಿ ಎಣ್ಣೆ ಹಾಕದೆ ಮಲಗಿದವರಲ್ಲ, ಸಿಟ್ಟಾದರು. "ಎಣ್ಣೆ ಬಿಡು ಅಂತೀಯಲ್ಲ, ನನ್ನ ಕೂದಲು ಇಷ್ಟು ಉದ್ದ ಬಂದಿದ್ದು ಯಾವುದರಿಂದ?" "ಬಿಡಬೇಡಿ ಆಂಟಿ, ಕೂದಲಿಗೆ ಹಚ್ಚಿ. ಬುಡಕ್ಕೆ ಬೇಡ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ" ಅಂದೆ. ಅಲ್ಲಿಗೆ ರಾಜಿಯಾಯಿತು. ಹೊಟ್ಟಿಗೆ, ಫಂಗಸ್ ತಗ್ಗಿಸುವ ಕೀಟೋಕೊನಜೋಲ್ ಶೇಕಡಾ 2ರ ಶಾಂಪೂ ವಾರಕ್ಕೆ ಎರಡು ಸಲ ಹಾಕಬೇಕು. ಹಚ್ಚಿದ ತಕ್ಷಣ ತೊಳೆದರೆ ದುಡ್ಡು ನೀರಿಗೆ. ಐದು ನಿಮಿಷ ಬುಡದಲ್ಲಿ ಬಿಡಬೇಕು. ನಾಲ್ಕು ವಾರ ಹೀಗೆ ಮಾಡಿ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಸಾಕು. ಪೂರ್ತಿ ಹೋಗುತ್ತದೆ ಅಂತ ನಾನು ಹೇಳೋದಿಲ್ಲ. ಮತ್ತೆ ಬರುತ್ತದೆ, ಮತ್ತೆ ಹಿಡಿತಕ್ಕೆ ತರಬಹುದು. ಪದರ ದಪ್ಪಗೆ, ಬೆಳ್ಳಿ ಬಣ್ಣಕ್ಕಿದ್ದು ಹಣೆ ಮೇಲಕ್ಕೆ ಅಥವಾ ಕಿವಿ ಹಿಂದಕ್ಕೆ ಇಳಿದಿದ್ದರೆ ಅದು ಸೋರಿಯಾಸಿಸ್ ಇರಬಹುದು. ಅಂಥವರ ಮೊಣಕೈ, ಉಗುರನ್ನೂ ನೋಡುತ್ತೇನೆ.

ಮಕ್ಕಳ ತಲೆಯ ಹುಳುಕಡ್ಡಿ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಕಮ್ಮಿ. ಕಾರಣ ಹೇಳುತ್ತೇನೆ. ಒಂದು ತೋಟದ ಕಾರ್ಮಿಕರ ಲೈನ್ ಮನೆಯಿಂದ ಏಳೆಂಟು ವರ್ಷದ ಹುಡುಗನನ್ನು ತಾಯಿ ಕರೆದುಕೊಂಡು ಬಂದಿದ್ದಳು. ನೆತ್ತಿಯ ಪಕ್ಕ ನಿಂಬೆ ಗಾತ್ರದ ಊತ. ಒತ್ತಿದರೆ ಮೆತ್ತಗೆ, ಅಲ್ಲಲ್ಲಿ ಕೀವು. ಎಲ್ಲೋ ಕುರು ಅಂತ ಕೊಯ್ದು ಕೀವು ತೆಗೆಯಲು ನೋಡಿದ್ದರು. ಅದರ ಮೇಲೆ ಮೆಡಿಕಲ್ ಶಾಪ್‌ನಿಂದ ತಂದ, ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಬೇರೆ. ಚಿಮಟದಲ್ಲಿ ಒಂದು ಕೂದಲು ಹಿಡಿದೆ. ಹುಡುಗ ಅಳಲೂ ಇಲ್ಲ, ಕೂದಲು ಸಲೀಸಾಗಿ ಕೈಗೆ ಬಂತು. ಕುರುವಿನಲ್ಲಿ ಹಾಗೆ ಬರಲ್ಲ. ಆ ಕೂದಲನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಳಗೆಲ್ಲ ಫಂಗಸ್ ಕಣಗಳು.

ಹುಳುಕಡ್ಡಿ ಹೀಗೆ ಊದಿ ಕೀವಾದರೆ ಅದಕ್ಕೆ ಕೆರಿಯಾನ್ ಅನ್ನುತ್ತಾರೆ. ಕೊಯ್ಯುವ ಕಾಯಿಲೆ ಅಲ್ಲ. ಮುಲಾಮಿನಿಂದಲೂ ಹೋಗೋದಿಲ್ಲ, ಯಾಕೆಂದರೆ ಫಂಗಸ್ ಕೂದಲಿನ ಒಳಗೇ ಇರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ಇಳಿಯಲ್ಲ. ಮಗುವಿನ ತೂಕ ನೋಡಿ ಫಂಗಸ್‌ಗೆ ನುಂಗುವ ಗ್ರೈಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆ ಕೊಡಬೇಕು. ಗ್ರೈಸಿಯೋಫಲ್ವಿನ್ ಆದರೆ ಆರರಿಂದ ಎಂಟು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಅದು ಜಿಡ್ಡಿನ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ, ಹಾಗಾಗಿ ಊಟ ಆದ ಮೇಲೆ ಹಾಲಿನ ಜೊತೆ ಕೊಡಿ ಅಂತ ತಾಯಿಗೆ ಹೇಳಿದೆ. "ಊತ ಇಳಿದ ಮೇಲೂ ಕೊಡಬೇಕಾ ಮೇಡಂ?" ಅಂತ ಕೇಳಿದಳು. ಅದೇ ಮುಖ್ಯ ಪ್ರಶ್ನೆ. ಹೌದು, ನಾನು ನಿಲ್ಲಿಸಿ ಅನ್ನೋವರೆಗೂ. ಒಂದೇ ಬಾಚಣಿಗೆ ಇಟ್ಟುಕೊಂಡಿದ್ದ ತಂಗಿಯನ್ನೂ ಕರೆಸಿ ನೋಡಿದೆ. ಅವಳ ತಲೆಯಲ್ಲೂ ಒಂದು ಕಡೆ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ಅವಳಿಗೂ ಮಾತ್ರೆ. ಬಾಚಣಿಗೆ, ಟೋಪಿ, ಟವೆಲ್ ಬೇರೆ ಬೇರೆ, ಮನೆಯವರಿಗೆಲ್ಲ ಫಂಗಸ್ ಶಾಂಪೂ. ಮನೆಯ ಬೆಕ್ಕು ನಾಯಿಯ ಕೂದಲು ಉದುರಿದ್ದರೆ ಅದನ್ನೂ ವೆಟರ್ನರಿ ಡಾಕ್ಟರಿಗೆ ತೋರಿಸಬೇಕು. ಹುಡುಗನಿಗೆ ಕೂದಲು ವಾಪಸ್ ಬಂತು. ಕೊಯ್ದ ಜಾಗದಲ್ಲಿ ಮಾತ್ರ ಒಂದು ಗೆರೆ ಹಾಗೇ ಉಳಿಯಿತು.

"ಹುಳ ತಿಂದಿದೆ" ಅಂತ ಬರುವ ಇನ್ನೊಂದು ಇದೆ. ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಹೋಗಿ ಚರ್ಮ ನುಣುಪಾಗಿರುತ್ತದೆ. ಹೊಟ್ಟಿಲ್ಲ, ತುರಿಕೆ ಇಲ್ಲ. ಇದರ ಹೆಸರು ಅಲೋಪೀಶಿಯಾ ಏರಿಯೇಟಾ. ಇಲ್ಲಿ ಹುಳವೂ ಇಲ್ಲ, ಫಂಗಸ್ಸೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲಿನ ಬುಡದ ಮೇಲೆ ತಿರುಗಿ ಬಿದ್ದಿರುತ್ತದೆ. ಬೆಳ್ಳುಳ್ಳಿ ಅರೆದು ಕಟ್ಟಿ ಬೊಬ್ಬೆ ಎಬ್ಬಿಸಿಕೊಂಡು ಬಂದವರಿಗೆ ನಾನು ಮೊದಲು ಸುಟ್ಟಗಾಯಕ್ಕೆ ಔಷಧಿ ಕೊಡಬೇಕಾಗುತ್ತದೆ. ಒಂದೆರಡು ಸಣ್ಣ ಮಚ್ಚೆ ಇದ್ದರೆ ಎಷ್ಟೋ ಜನರಿಗೆ ವರ್ಷದೊಳಗೆ ತಾನಾಗಿಯೇ ಬರುತ್ತದೆ. ಕಾಯಲು ಆಗದ ದೊಡ್ಡವರಿಗೆ ಟ್ರಯಾಮ್ಸಿನೋಲೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಸಣ್ಣ ಸೂಜಿಯಿಂದ ಅದೇ ಜಾಗಕ್ಕೆ ಹನಿ ಹನಿಯಾಗಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುತ್ತೇನೆ. ಹೊಸ ಕೂದಲು ಮೊದಲು ಬೆಳ್ಳಗೆ ಬರಬಹುದು, ಹೆದರಬೇಡಿ, ಆಮೇಲೆ ಕಪ್ಪಾಗುತ್ತದೆ. ತಲೆ ಪೂರ್ತಿ, ಹುಬ್ಬು ಕೂಡ ಹೋದವರಿಗೆ ಈಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬ್ಯಾರಿಸಿಟಿನಿಬ್ ಥರದ ಮಾತ್ರೆ ಇವೆ. ಕೊಡುವ ಮುಂಚೆ ಟಿಬಿ ಪರೀಕ್ಷೆ ಆಗಲೇಬೇಕು.

ಗಂಡಸರ ಬೋಳುತಲೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಜೆಗೆ ಬರುವ ಮಿಲಿಟರಿ ಹುಡುಗರು ಹೆಲ್ಮೆಟ್ ಮೇಲೆ ತಪ್ಪು ಹಾಕುತ್ತಾರೆ. ಹೆಲ್ಮೆಟ್‌ನಿಂದ ಬೋಳಾಗಲ್ಲ, ಅದು ಮನೆತನದಿಂದ ಮತ್ತು ಹಾರ್ಮೋನಿನಿಂದ ಬಂದದ್ದು. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು, ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬಂದಿದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಉದುರೋದು ಜಾಸ್ತಿಯಾಗಬಹುದು. ಬಹಳ ಜನ ಬಿಟ್ಟುಬಿಡೋದು ಅಲ್ಲೇ. ನಾಲ್ಕರಿಂದ ಆರು ತಿಂಗಳು ಹಚ್ಚದೆ ಫಲ ಗೊತ್ತಾಗಲ್ಲ, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಮದುವೆಗೆ ಒಂದು ತಿಂಗಳು ಇರುವಾಗ ಬಂದರೆ ನನ್ನಿಂದ ಏನೂ ಆಗಲ್ಲ.

ಹೇನಿಗೆ ಶೇಕಡಾ 1ರ ಪರ್ಮೆಥ್ರಿನ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು, ಸೀರಣಿಗೆಯಲ್ಲಿ ಬಾಚಬೇಕು. ಸೀರು ಒಡೆದು ಮರಿ ಬರುತ್ತದೆ, ಅದಕ್ಕೇ ಏಳರಿಂದ ಹತ್ತು ದಿನಕ್ಕೆ ಇನ್ನೊಂದು ಸಲ. ಸೀಮೆಎಣ್ಣೆ ದಯವಿಟ್ಟು ಬೇಡ.

ಈವರೆಗೆ ಹೇಳಿದ್ದರಲ್ಲಿ ಹೆಚ್ಚಿನವು ನಾಲ್ಕು ವಾರ ತಡವಾದರೂ ಕೂದಲು ವಾಪಸ್ ತರಬಹುದಾದವು. ಒಂದು ಗುಂಪು ಹಾಗಲ್ಲ. ಕೂದಲು ಹೋದ ಜಾಗದಲ್ಲಿ ರಂಧ್ರಗಳೇ ಕಾಣದೆ ಚರ್ಮ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಕೆಂಪಗಿದ್ದು ಉರಿ ಅಥವಾ ನೋವಿದ್ದರೆ, ಅಲ್ಲಿ ಕೂದಲಿನ ಬುಡ ಸತ್ತು ಕಲೆಯಾಗುತ್ತಿದೆ. ಲೈಕೆನ್ ಪ್ಲಾನಸ್, ಲೂಪಸ್ ಥರದ ಕಾಯಿಲೆಗಳು ಇವು. ಹೋದ ಕೂದಲನ್ನು ಯಾವ ಔಷಧಿಯೂ ತರಲ್ಲ, ಇರೋದನ್ನು ಉಳಿಸಬಹುದು ಅಷ್ಟೇ. ಅಂಥವರಿಗೆ ಅಂಚಿನ ಜಾಗದಿಂದ ಚೂರು ಚರ್ಮ ತೆಗೆದು ಬಯಾಪ್ಸಿಗೆ ಮೈಸೂರಿಗೆ ಕಳಿಸುತ್ತೇನೆ. ಇಂಥ ಮಚ್ಚೆ ಕಂಡರೆ ಮಳೆ ಬಿಡಲಿ, ಕಾಫಿ ಕುಯ್ಲು ಮುಗಿಯಲಿ ಅಂತ ಕಾಯಬೇಡಿ. ಅದೇ ವಾರ ಯಾರಾದರೂ ಚರ್ಮರೋಗದ ಡಾಕ್ಟರಿಗೆ ತೋರಿಸಿ. ಬರುವ ದಿನ ತಲೆಗೆ ಎಣ್ಣೆ ಹಾಕಿಕೊಂಡು ಬರಬೇಡಿ, ನಮಗೆ ಏನೂ ಕಾಣಲ್ಲ.