ಮುರುಗಲು ತುಪ್ಪದ ಮುಲಾಮು ಕಮಟದಂತೆ ಮಾಡುವ ಬಗೆ

ಶಿರಸಿ ಕಡೆ ಹಿಮ್ಮಡಿ ಒಡೆದರೆ ಮುರುಗಲು ತುಪ್ಪ, ಅಂದರೆ ಮುರುಗಲು (ಕೋಕಂ) ಬೀಜದ ಗಟ್ಟಿ ಎಣ್ಣೆ, ಹಚ್ಚುವುದು ರೂಢಿ. ಅದನ್ನು ಮುಲಾಮು ಮಾಡುವಾಗ ಆ್ಯಂಟಿಆಕ್ಸಿಡೆಂಟ್ (ಆಮ್ಲಜನಕದಿಂದ ಕೆಡುವುದನ್ನು ತಡೆಯುವ ಪದಾರ್ಥ) ಸಿಗಲೆಂದು ಕೆಲವರು ಮುರುಗಲು ಹಣ್ಣಿನ ಒಣ ಸಿಪ್ಪೆಯನ್ನೂ ಎಣ್ಣೆಯಲ್ಲಿ ಕಾಯಿಸುತ್ತಾರೆ. ನಾನು ಹಾಕುವುದಿಲ್ಲ. ಸಿಪ್ಪೆಯ ಕೆಂಪು ಬಣ್ಣ ಆಂಥೋಸಯನಿನ್ ಎಂಬ ಆ್ಯಂಟಿಆಕ್ಸಿಡೆಂಟ್. ಅದು ಕರಗುವುದು ನೀರಿನಲ್ಲಿ, ಎಣ್ಣೆಗೆ ಇಳಿಯುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಂತೂ ಮಳೆಗಾಲದಲ್ಲಿ ತೇವ ಎಳೆದುಕೊಂಡೇ ಇರುತ್ತದೆ. ಆ ತೇವ ಡಬ್ಬಿಗೆ ಹೋದರೆ ಬೂಷ್ಟು ಖಂಡಿತ.

ಮುಲಾಮಿನಲ್ಲಿ ಆ್ಯಂಟಿಆಕ್ಸಿಡೆಂಟ್‌ನ ಮೊದಲ ಕೆಲಸ ಎಣ್ಣೆಯನ್ನೇ ಕಾಪಾಡುವುದು. ಕಮಟಿದ ಎಣ್ಣೆ ಚರ್ಮಕ್ಕೆ ತೊಂದರೆಯೇ ಹೊರತು ಆರೈಕೆಯಲ್ಲ.

100 ಗ್ರಾಂ ಮುಲಾಮಿಗೆ ಮುರುಗಲು ತುಪ್ಪ 30 ಗ್ರಾಂ, ಕೊಬ್ಬರಿ ಎಣ್ಣೆ 60, ಜೇನುಮೇಣ 10. ಇದಕ್ಕೆ ಆ್ಯಂಟಿಆಕ್ಸಿಡೆಂಟ್ ಆಗಿ ಟೊಕೊಫೆರಾಲ್ (ವಿಟಮಿನ್ ಇ ರೂಪ) 0.3 ಗ್ರಾಂ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಬೇಕು. ಹೆಚ್ಚು ಹಾಕಿದರೆ ಹೆಚ್ಚು ಕಾಪಾಡುತ್ತದೆ ಎಂದೇನಿಲ್ಲ, ಮಿತಿ ಮೀರಿದರೆ ಎಣ್ಣೆ ಕೆಡುವುದೇ ಬೇಗವಾಗಬಹುದು. ಔಷಧಿ ಅಂಗಡಿಯ ವಿಟಮಿನ್ ಇ ಗುಳಿಗೆ ಒಡೆದು ಹಾಕುವವರು ಚೀಟಿ ಓದಿ. ಅದು ಸಾಮಾನ್ಯವಾಗಿ ಟೊಕೊಫೆರಿಲ್ ಅಸಿಟೇಟ್. ಆಮ್ಲಜನಕದ ದಾಳಿ ತಡೆಯುವ ಭಾಗವೇ ಅದರಲ್ಲಿ ಮುಚ್ಚಿಕೊಂಡಿರುವುದರಿಂದ ಡಬ್ಬಿಯ ಎಣ್ಣೆಗೆ ಅದರಿಂದ ರಕ್ಷಣೆಯಿಲ್ಲ. ಬರೀ ಟೊಕೊಫೆರಾಲ್ ಎಂದು ಬರೆದದ್ದೇ ಬೇಕು.

ಮನೆಯಲ್ಲಿ ಬೀಜ ಕುದಿಸಿ ತೆಗೆದ ತುಪ್ಪದಲ್ಲಿ ನೀರು ಉಳಿದಿರುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಸದ್ದು, ಗುಳ್ಳೆ ಎರಡೂ ನಿಲ್ಲುವ ತನಕ ಕಾಯಿಸಿ ಒಣ ಬಟ್ಟೆಯಲ್ಲಿ ಸೋಸುತ್ತೇನೆ. ಪಾತ್ರೆ ಸ್ಟೀಲಿನದೇ ಆಗಬೇಕು. ತಾಮ್ರ, ಕಬ್ಬಿಣ ಎರಡೂ ಎಣ್ಣೆ ಕಮಟುವುದನ್ನು ಚುರುಕು ಮಾಡುತ್ತವೆ.

ಆಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಮೊದಲು ಮೇಣ, ನಂತರ ತುಪ್ಪ, ಎಣ್ಣೆ ಕರಗಿಸಬೇಕು. ಇಳಿಸಿ, ಇನ್ನೂ ಹರಿಯುವಂತಿರುವಾಗಲೇ ಟೊಕೊಫೆರಾಲ್ ಬೆರೆಸಿ ಡಬ್ಬಿಗೆ ಸುರಿಯುವುದು. ಮುರುಗಲು ತುಪ್ಪದಲ್ಲಿ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಾಮ್ಲ ಹೇರಳ; ತಾನಾಗಿ ನಿಧಾನ ಆರಲು ಬಿಟ್ಟರೆ ರವೆಯಂತೆ ಕಾಳುಗಟ್ಟುತ್ತದೆ. ಹಾಗಾಗಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಹೊರತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ: ಕಾರವಾರದ ಮಳೆಗಾಲದ ಗಾಳಿಯಲ್ಲಿ ತಣ್ಣನೆಯ ಮುಲಾಮಿನ ಮೇಲೆ ಕ್ಷಣದಲ್ಲಿ ನೀರಹನಿ ಕೂರುತ್ತದೆ. ಡಬ್ಬಿಯ ತಂಪು ಹೋಗುವವರೆಗೆ ಕಾಯಿರಿ. ಕಾಳುಗಟ್ಟಿದ್ದರೆ ಮತ್ತೆ ಕರಗಿಸಬಹುದು, ಕಮಟಿದ್ದನ್ನು ಎಸೆಯಬೇಕು.

ಇದು ಸನ್‌ಸ್ಕ್ರೀನ್ ಅಲ್ಲ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ, ಕೆಂಪು ಕಂಡರೆ ಬಳಸಬೇಡಿ. ಹಿಮ್ಮಡಿ ಬಿರುಕಿನಿಂದ ರಕ್ತ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.