ಗಡಿನಾಡಿನಿಂದ ಕೇಂದ್ರ ಪೊಲೀಸ್ ಪಡೆಗೆ: ಎಡವುವುದು ಎಲ್ಲಿ?

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ಒಂದೇ ಪರೀಕ್ಷೆ ನಡೆಸುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡದ ಮಕ್ಕಳು ಇಲ್ಲಿ ಸೋಲುವುದು ಓಟದಲ್ಲಿ ಮಾತ್ರವಲ್ಲ, ಕಾಗದಪತ್ರದಲ್ಲೂ.

ಮೊದಲು ವಯಸ್ಸು. ಮಿತಿ 18ರಿಂದ 23 ವರ್ಷ. ಆದರೆ ಅದನ್ನು ಲೆಕ್ಕ ಹಾಕುವುದು ಅರ್ಜಿ ತುಂಬುವ ದಿನಕ್ಕಲ್ಲ, ಅಧಿಸೂಚನೆಯಲ್ಲಿ ಹೇಳಿದ ದಿನಕ್ಕೆ. ಆ ದಿನ 2026ರ ಜನವರಿ 1 ಆಗಿದ್ದರೆ, 2003ರ ಜನವರಿ 2ರಿಂದ 2008ರ ಜನವರಿ 1ರ ಒಳಗೆ ಹುಟ್ಟಿದವರಿಗೆ ಮಾತ್ರ ಅವಕಾಶ. ಗರಿಷ್ಠ ಮಿತಿಯಲ್ಲಿ ಒಬಿಸಿಗೆ 3 ವರ್ಷ, ಪರಿಶಿಷ್ಟ ಜಾತಿ–ಪಂಗಡಕ್ಕೆ 5 ವರ್ಷ ಸಡಿಲಿಕೆ. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಪುಸ್ತಕವೇ ಪ್ರಮಾಣ, ಆಧಾರ್ ಅಲ್ಲ. ಪುಸ್ತಕದಲ್ಲಿ ಹೆಸರಿನ ಮುಂದೆ ಬರೀ ‘ಕೆ’ ಎಂದಿದ್ದು, ಆಧಾರ್‌ನಲ್ಲಿ ಮನೆತನದ ಹೆಸರು ಪೂರ್ತಿ ಇದ್ದರೆ ಅಧಿಸೂಚನೆ ಬರುವ ಮೊದಲೇ ಆಧಾರ್ ಸರಿಮಾಡಿಸಿಕೊಳ್ಳಿ.

ಇನ್ನು ರಾಜ್ಯ. ಹೆಚ್ಚಿನ ಹುದ್ದೆಗಳು ರಾಜ್ಯವಾರು ಹಂಚಿಕೆಯಾಗಿರುತ್ತವೆ. ಮಂಗಳೂರಿನಲ್ಲಿ ಪಿಯುಸಿ ಓದಿದ ಹುಡುಗ ಹಾಸ್ಟೆಲ್ ವಿಳಾಸ ನೋಡಿ ‘ಕರ್ನಾಟಕ’ ಎಂದು ತುಂಬಿದರೆ, ದಾಖಲೆ ಪರಿಶೀಲನೆಯ ದಿನ ಕೇರಳದ ವಾಸಸ್ಥಳ ಪ್ರಮಾಣಪತ್ರ ತೋರಿಸಿ ಪ್ರಯೋಜನವಿಲ್ಲ. ಅಷ್ಟು ದೂರ ಬಂದದ್ದೂ ವ್ಯರ್ಥ. ಪ್ರಮಾಣಪತ್ರ ಎಲ್ಲಿಯದೋ ಅದೇ ರಾಜ್ಯ ತುಂಬಬೇಕು. ಪರೀಕ್ಷಾ ಕೇಂದ್ರದ ವಿಷಯ ಬೇರೆ: ಕರ್ನಾಟಕ, ಕೇರಳ ಎರಡೂ ಕಮಿಷನ್‌ನ ಒಂದೇ ವಲಯದಲ್ಲಿ ಇರುವುದರಿಂದ ಕೇರಳದ ಅಭ್ಯರ್ಥಿಯಾಗಿದ್ದೂ ಮಂಗಳೂರನ್ನು ಕೇಂದ್ರವಾಗಿ ಕೇಳಬಹುದು. ಗಡಿ ಜಿಲ್ಲೆಗಳಿಗೆಂದು ತೆಗೆದಿಟ್ಟ ಹುದ್ದೆಗಳ ಆಸೆ ಬೇಡ. ಅವು ದೇಶದ ಗಡಿಯ ಜಿಲ್ಲೆಗಳಿಗೆ, ಕರ್ನಾಟಕ–ಕೇರಳ ಗಡಿಯ ತಲಪಾಡಿ ಗೇಟಿನ ಆಚೀಚೆಯವರಿಗಲ್ಲ.

ಒಬಿಸಿಯವರು ಕೇಂದ್ರ ಸರ್ಕಾರದ ನಮೂನೆಯ ಕೆನೆಪದರರಹಿತ ಪ್ರಮಾಣಪತ್ರವನ್ನೇ ಮಾಡಿಸಬೇಕು. ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ‘ಕೇಂದ್ರದ ಉದ್ಯೋಗಕ್ಕೆ’ ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ರಾಜ್ಯದ ನಮೂನೆ ಕೈಗೆ ಬರುತ್ತದೆ, ಪರಿಶೀಲನೆಯಲ್ಲಿ ಅದು ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯಕ್ಕೊಂದು ಇರುವುದರಿಂದ ನಿಮ್ಮ ಜಾತಿ ಕೇರಳದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅರ್ಜಿ ಶುಲ್ಕ 100 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಮಾಜಿ ಸೈನಿಕರಿಗೆ ಇಲ್ಲ. ಭಾಷೆಯ ಕಾಲಂನಲ್ಲಿ ಕನ್ನಡ ಆರಿಸಬಹುದು. 2024ರಿಂದ ಈ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಅನುಕೂಲ, ಬಿಡಬೇಡಿ. 60 ನಿಮಿಷ, 80 ಪ್ರಶ್ನೆ, 160 ಅಂಕ: ತಾರ್ಕಿಕ ಸಾಮರ್ಥ್ಯ, ಸಾಮಾನ್ಯ ಜ್ಞಾನ, ಗಣಿತ ತಲಾ 20 ಪ್ರಶ್ನೆ. ಉಳಿದ 20 ಇಂಗ್ಲಿಷ್ ಅಥವಾ ಹಿಂದಿ, ಅದಕ್ಕೆ ಕನ್ನಡ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಗರಿಷ್ಠ ಅಂಕದ ಶೇ 5 ಬೋನಸ್.

ಓಟ: ಪುರುಷರಿಗೆ 5 ಕಿ.ಮೀ. 24 ನಿಮಿಷದಲ್ಲಿ, ಮಹಿಳೆಯರಿಗೆ 1.6 ಕಿ.ಮೀ. ಎಂಟೂವರೆ ನಿಮಿಷದಲ್ಲಿ. 400 ಮೀಟರ್ ಟ್ರ್ಯಾಕಿನಲ್ಲಿ ಪುರುಷರಿಗೆ ಹನ್ನೆರಡೂವರೆ ಸುತ್ತು, ಸುತ್ತಿಗೆ 1 ನಿಮಿಷ 55 ಸೆಕೆಂಡ್. ಮೊದಲ ಕಿಲೋಮೀಟರನ್ನು 4 ನಿಮಿಷಕ್ಕೆ ಹೊಡೆದವರು ಮೂರನೆಯದರಲ್ಲಿ ನಡೆಯತೊಡಗುತ್ತಾರೆ. ಬೈಕಿನ ಮೀಟರ್ ನಂಬಿ ದೂರ ಅಳೆಯಬೇಡಿ, ಟ್ರ್ಯಾಕ್ ಇರುವ ಮೈದಾನ ಹುಡುಕಿ. ಸಮುದ್ರ ತೀರದ ಮರಳಲ್ಲಿ ಓಡುವುದು ಕಾಲಿಗೆ ಕಸರತ್ತೇ ಹೊರತು ವೇಗದ ಅಂದಾಜು ಸಿಗದು. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೈದಾನ ಬಿಟ್ಟು, ವಾಹನ ಕಡಿಮೆ ಇರುವ ಟಾರು ರಸ್ತೆ ಹಿಡಿಯಿರಿ.

ಎತ್ತರ ಪುರುಷರಿಗೆ 170 ಸೆಂ.ಮೀ., ಮಹಿಳೆಯರಿಗೆ 157. ಪರಿಶಿಷ್ಟ ಪಂಗಡದವರಿಗೆ 162.5 ಮತ್ತು 150. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ತುಸು ಕುಗ್ಗುತ್ತದೆ, ಆದ್ದರಿಂದ ಮನೆಯಲ್ಲಿ ಸಂಜೆಯೇ ಅಳೆದುಕೊಳ್ಳಿ. ಪುರುಷರಿಗೆ ಎದೆಯ ಸುತ್ತಳತೆ 80 ಸೆಂ.ಮೀ. (ಪರಿಶಿಷ್ಟ ಪಂಗಡದವರಿಗೆ 76), ಉಸಿರು ಎಳೆದಾಗ ಕನಿಷ್ಠ 5 ಹೆಚ್ಚಬೇಕು. ಟೇಪು ಸುತ್ತುವಾಗಲೇ ಎದೆ ಉಬ್ಬಿಸಿ ನಿಂತವರ ಮೊದಲ ಅಳತೆ 83 ಬಂದರೆ ಮುಂದೆ 88 ಮುಟ್ಟಬೇಕಾಗುತ್ತದೆ, ಅದು ಆಗದೆ ಹೊರಗೆ ಬೀಳುತ್ತಾರೆ. ಮೊದಲು ಉಸಿರು ಬಿಟ್ಟು ಸಡಿಲವಾಗಿ ನಿಲ್ಲಿ.

ಕೊನೆಗೆ ವೈದ್ಯಕೀಯ. ಕನ್ನಡಕವಿಲ್ಲದೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ಬಣ್ಣಗುರುಡು, ಚಪ್ಪಟೆ ಪಾದ, ಮಂಡಿ ತಾಗುವ ಕಾಲು, ಉಬ್ಬಿದ ರಕ್ತನಾಳ ಇದ್ದರೆ ಆಯ್ಕೆ ಇಲ್ಲ. ಸೆಲ್ಯೂಟ್ ಹೊಡೆಯುವ ಬಲಗೈಯಲ್ಲಿ ಹಚ್ಚೆ ಇರಬಾರದು. ಇವೆಲ್ಲ ಹತ್ತಿರದ ಕಣ್ಣಿನ ಮತ್ತು ಮೂಳೆ ವೈದ್ಯರಲ್ಲಿ ಅರ್ಜಿಗೆ ಮೊದಲೇ ತಿಳಿಯುವ ಸಂಗತಿಗಳು. ಶಿಬಿರದಲ್ಲಿ ‘ಅನರ್ಹ’ ಎಂದರೆ ಮರುಪರೀಕ್ಷೆ ಕೇಳುವ ಅವಕಾಶವಿದೆ. ಒಪ್ಪಿಗೆಯ ಕಾಗದವನ್ನು ಅಲ್ಲಿಯೇ ಕೊಟ್ಟು ಬನ್ನಿ.