ಲಂಡನ್ನಿಗೆ ಹೊಸದಾಗಿ ಬಂದವರಿಗೆ: ನಮಾಝಿನ ಹೊತ್ತು, ಮಸೀದಿ, ಸುತ್ತಲ ಬದುಕು

ಊರಿನಲ್ಲಿ ಬಾಂಗ್ (ನಮಾಝಿನ ಕರೆ) ಕಿವಿಗೆ ಬಿದ್ದರೆ ಹೊತ್ತು ಗೊತ್ತಾಗುತ್ತಿತ್ತು. ಲಂಡನ್ನಿನಲ್ಲಿ ವೈಟ್‌ಚಾಪೆಲ್‌ನ ಈಸ್ಟ್ ಲಂಡನ್ ಮಸೀದಿಯಂಥ ಒಂದೆರಡು ಕಡೆ ಬಿಟ್ಟರೆ ಬಾಂಗ್ ಮಸೀದಿಯ ಗೋಡೆ ದಾಟಿ ಹೊರಗೆ ಬರುವುದಿಲ್ಲ. ಹಾಗಾಗಿ ಬಂದವರೆಲ್ಲ ಮೊದಲು ನೆಚ್ಚುವುದು ಫೋನಿನ ಆ್ಯಪನ್ನು. ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಮನೆ ಗೊತ್ತಾದ ಕೂಡಲೇ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮಸೀದಿ ನೋಡಿಕೊಳ್ಳಿ. ಅದರ ವೇಳಾಪಟ್ಟಿಯ ಕಾಗದ ಬಾಗಿಲ ಬಳಿಯೇ ಇಟ್ಟಿರುತ್ತಾರೆ. ತಂದು ಫ್ರಿಜ್ಜಿಗೆ ಅಂಟಿಸಿ. ಆ್ಯಪನ್ನು ಆ ಕಾಗದಕ್ಕೆ ಹೊಂದಿಸಿ. ಹೊಂದದಿದ್ದರೆ ಆ್ಯಪ್ ಬಿಡಿ, ಕಾಗದ ಬಿಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಲಂಡನ್ 51.5 ಡಿಗ್ರಿಯಲ್ಲಿ. ಅಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಎಂಟೂಮುಕ್ಕಾಲು ಗಂಟೆ. ಸೆಪ್ಟೆಂಬರ್ ಕೊನೆಗೆ ಸೂರ್ಯಾಸ್ತ ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಂದೆ ಸರಿಯುತ್ತದೆ, ವಾರಕ್ಕೆ ಕಾಲು ಗಂಟೆ. ಹೋದ ವಾರದ ಮಗ್ರಿಬ್ (ಸೂರ್ಯಾಸ್ತದ ನಮಾಝ್) ಹೊತ್ತನ್ನು ನೆನಪಿಟ್ಟುಕೊಂಡು ಈ ವಾರ ಮಸೀದಿಗೆ ಹೋದರೆ ಜನ ಹೊರಗೆ ಬರುತ್ತಿರುತ್ತಾರೆ.

ಕಾಗದವನ್ನು ಓದುವುದನ್ನೂ ಕಲಿಯಬೇಕು. ಡಿಸೆಂಬರ್ 21ರ ಸಾಲು ನೋಡಿ. ಸೂರ್ಯೋದಯ 8:04. ಝುಹರ್, ಅಂದರೆ ನಡುಹಗಲಿನ ನಮಾಝ್, ಹನ್ನೆರಡರ ಸುಮಾರಿಗೆ. ಅಸರ್ (ಸೂರ್ಯಾಸ್ತಕ್ಕೆ ಮುಂಚಿನ ನಮಾಝ್) ಎದುರು ಎರಡು ಹೊತ್ತು ಇರುತ್ತದೆ: ಒಂದು 1:40ರ ಆಸುಪಾಸು, ಇನ್ನೊಂದು 2:10ರ ಆಸುಪಾಸು. ಸೂರ್ಯಾಸ್ತ 3:53. ಅಂದರೆ ಮೂರು ನಮಾಝ್‌ಗಳು ನಾಲ್ಕು ಗಂಟೆಯೊಳಗೆ, ಅದೂ ಆಫೀಸಿನ ಹೊತ್ತಿನಲ್ಲೇ ಬಂದು ಬೀಳುತ್ತವೆ. ಚಳಿಗಾಲದಲ್ಲಿ ಸೂರ್ಯೋದಯಕ್ಕೆ ಮುಂಚಿನ ಫಜರ್ ಸುಲಭ, ಏಳು ಗಂಟೆಗೆ ಎದ್ದರೂ ಸಿಗುತ್ತದೆ. ಕಷ್ಟ ಅಸರ್‌ನದು. ಊಟ ಮುಗಿಸಿ ಒಂದು ಮೀಟಿಂಗಿಗೆ ಕೂತು ಎದ್ದರೆ ಹೊತ್ತು ಮೀರಿರುತ್ತದೆ.

ಅಸರ್‌ಗೆ ಎರಡು ಹೊತ್ತು ಯಾಕೆ ಎಂದು ಬಯಲುಸೀಮೆಯವರೂ ಕರಾವಳಿಯವರೂ ಒಂದೇ ರೀತಿ ಕೇಳುತ್ತಾರೆ. ಶಾಫಿ, ಹನಫಿ ಎಂಬ ಧರ್ಮಶಾಸ್ತ್ರದ ಎರಡು ಪಂಥಗಳ ಲೆಕ್ಕ ಬೇರೆ ಬೇರೆ. ವಸ್ತುವಿನ ನೆರಳು, ನಡುಹಗಲಿನ ನೆರಳಿನ ಮೇಲೆ ಅದರ ಎತ್ತರದಷ್ಟು ಬೆಳೆದಾಗ ಶಾಫಿಗಳ ಅಸರ್. ಎರಡರಷ್ಟು ಬೆಳೆದಾಗ ಹನಫಿಗಳದು. ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಒಳನಾಡಿನ ಉರ್ದು ಮನೆಮಾತಿನವರು ಹೆಚ್ಚಾಗಿ ಹನಫಿಗಳು. ಊರಲ್ಲಿ ಅವರವರ ಮಸೀದಿ ಅವರವರಿಗೆ ಇದ್ದುದರಿಂದ ಇದು ಲೆಕ್ಕಕ್ಕೆ ಬಂದಿರುವುದಿಲ್ಲ. ಲಂಡನ್ನಿನ ಪಾಕಿಸ್ತಾನಿ, ಬಾಂಗ್ಲಾ ಮೂಲದ ಮಸೀದಿಗಳು ಬಹುಪಾಲು ಹನಫಿ ಹೊತ್ತನ್ನೇ ಹಿಡಿಯುತ್ತವೆ. ಸೋಮಾಲಿಗಳದು, ಅರಬರದು ಮೊದಲ ಹೊತ್ತು. ಎರಡರ ನಡುವಿನ ಅಂತರ ಡಿಸೆಂಬರಿನಲ್ಲಿ ಅರ್ಧ ಗಂಟೆಯಾದರೆ ಜೂನಿನಲ್ಲಿ ಒಂದೂಕಾಲು ಗಂಟೆ. ಶಾಫಿಗಳಿಗೆ ತಡವಾದ ಜಮಾಅತ್ (ಸಾಮೂಹಿಕ ನಮಾಝ್) ಸೇರಿದರೂ ಹೊತ್ತು ಉಳಿದೇ ಇರುತ್ತದೆ. ಹನಫಿಗಳು ಮೊದಲ ಹೊತ್ತಿನ ಜಮಾಅತ್ ಸೇರಬಹುದೇ ಎಂಬುದನ್ನು ಇಮಾಮರಲ್ಲಿ ಒಮ್ಮೆ ಕೇಳಿ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಸುಬಹಿಯಲ್ಲಿ, ಅಂದರೆ ಫಜರ್‌ನಲ್ಲಿ, ಇಮಾಮರು ಶಾಫಿಗಳು ಓದುವ ಕುನೂತ್ ಪ್ರಾರ್ಥನೆ ಓದದೆ ಸುಜೂದಿಗೆ (ಹಣೆ ನೆಲಕ್ಕಿಡುವುದಕ್ಕೆ) ಹೋದರೆ ಕರಾವಳಿಯವರು ಗಲಿಬಿಲಿಗೊಳ್ಳಬೇಕಿಲ್ಲ, ಅದು ಹನಫಿ ಮಸೀದಿ ಅಷ್ಟೆ.

ಹೊಸಬರು ಎಡವುವ ಇನ್ನೊಂದು ಜಾಗ: ಕಾಗದದಲ್ಲಿ ಪ್ರತಿ ನಮಾಝಿಗೂ ಹೊತ್ತು ಶುರುವಾಗುವುದು ಒಂದು ಕಾಲಂ, ಜಮಾಅತ್ ನಿಲ್ಲುವುದು ಇನ್ನೊಂದು ಕಾಲಂ. ಝುಹರ್ ಹನ್ನೆರಡಕ್ಕೆ ಶುರುವಾದರೂ ಜಮಾಅತ್ ಒಂದು ಗಂಟೆಗೆ ಇರಬಹುದು. ಮಗ್ರಿಬ್ ಮಾತ್ರ ಬಾಂಗ್ ಆದ ಕೂಡಲೇ. ಆ್ಯಪ್ ತೋರಿಸುವುದು ಬರೀ ಮೊದಲ ಕಾಲಂ. ಅದನ್ನು ನೋಡಿಕೊಂಡು ಓಡಿಬಂದು ಖಾಲಿ ಮಸೀದಿಯಲ್ಲಿ ಕೂರುವವರು ಪ್ರತಿ ವರ್ಷ ಸಿಗುತ್ತಾರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ದೇಶದ ಗಡಿಯಾರವೇ ಒಂದು ಗಂಟೆ ಹಿಂದೆಮುಂದಾಗುತ್ತದೆ. ಫೋನ್ ತಾನೇ ಬದಲಾಗುತ್ತದೆ, ಗೋಡೆ ಗಡಿಯಾರ ಬದಲಾಗುವುದಿಲ್ಲ.

ಬೇಸಿಗೆಯ ಕಥೆ ಬೇರೆಯೇ. ಜೂನ್ 21ರಂದು ಸೂರ್ಯ ಹುಟ್ಟುವುದು 4:43ಕ್ಕೆ, ಮುಳುಗುವುದು ರಾತ್ರಿ 9:21ಕ್ಕೆ. ನಮ್ಮೂರ ಕಡೆ ಬಳಸುವ ಕರಾಚಿ ಲೆಕ್ಕದಲ್ಲಿ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ಇಶಾ (ರಾತ್ರಿಯ ನಮಾಝ್), ಏರುತ್ತಾ ಮತ್ತೆ 18 ಡಿಗ್ರಿಗೆ ಬಂದಾಗ ಫಜರ್. ಲಂಡನ್ನಿನಲ್ಲಿ ಮೇ ಕೊನೆಯ ವಾರದಿಂದ ಜುಲೈ 20ರ ಸುಮಾರಿನವರೆಗೆ ಸೂರ್ಯ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಜೂನ್ 21ರ ನಡುರಾತ್ರಿಯಲ್ಲೂ ಅದು 15 ಡಿಗ್ರಿಗೆ ಒಂದಿಷ್ಟು ಕೆಳಗಿರುತ್ತದೆ, ಅಷ್ಟೇ. ಉತ್ತರದ ಆಕಾಶದಲ್ಲಿ ಮಸುಕು ಬೆಳಕು ರಾತ್ರಿಯಿಡೀ ಉಳಿಯುತ್ತದೆ. ಹೊತ್ತೇ ಇಲ್ಲದ ಕಡೆ ಆ್ಯಪ್ ಏನು ತೋರಿಸಬೇಕು? ಒಂದು ಖಾಲಿ ಬಿಡುತ್ತದೆ, ಒಂದು ನಡುರಾತ್ರಿ ಒಂದು ಗಂಟೆ ಎನ್ನುತ್ತದೆ. ಉತ್ತರ ಅಮೆರಿಕದ 15 ಡಿಗ್ರಿ ಲೆಕ್ಕ ಆರಿಸಿಕೊಂಡರೆ ಇಶಾ ಮತ್ತು ಫಜರ್ ನಡುವೆ ಅರ್ಧ ಗಂಟೆಯೂ ಕಷ್ಟ.

ಇದಕ್ಕೆ ಉಲಮಾಗಳು (ಧರ್ಮಪಂಡಿತರು) ಬೇರೆ ಬೇರೆ ದಾರಿ ಹೇಳಿದ್ದಾರೆ. ಒಂದು, ರಾತ್ರಿಯನ್ನು ಏಳು ಪಾಲು ಮಾಡುವುದು. ಜೂನ್ 21ರ ರಾತ್ರಿ 442 ನಿಮಿಷ, ಏಳರಲ್ಲೊಂದು ಪಾಲು 63 ನಿಮಿಷ. ಹಾಗಾಗಿ ಮೊದಲ ಪಾಲು ಮುಗಿದಾಗ, 10:24ಕ್ಕೆ, ಇಶಾ; ಕೊನೆಯ ಪಾಲು ಶುರುವಾದಾಗ, 3:40ಕ್ಕೆ, ಫಜರ್. ಇನ್ನೊಂದು, ಹೊತ್ತು ಸರಿಯಾಗಿ ಸಿಕ್ಕ ಕೊನೆಯ ದಿನದ ಲೆಕ್ಕವನ್ನೇ ಮುಂದುವರಿಸುವುದು. ಮತ್ತೊಂದು, ಹತ್ತಿರದ ಬೇರೆ ಅಕ್ಷಾಂಶದ ಹೊತ್ತನ್ನು ಹಿಡಿಯುವುದು. ಕೆಲವು ಮಸೀದಿಗಳು ಬೇಸಿಗೆಯಲ್ಲಿ ಮಗ್ರಿಬ್ ಜೊತೆಗೇ ಇಶಾ ಮಾಡಿಸುತ್ತವೆ. ಹನಫಿಗಳು ಇದನ್ನು ಒಪ್ಪುವುದಿಲ್ಲ. ಒಂದೇ ರಸ್ತೆಯ ಎರಡು ಮಸೀದಿಗಳ ಫಜರ್ ಹೊತ್ತಿನಲ್ಲಿ ಒಂದು ಗಂಟೆ ವ್ಯತ್ಯಾಸ ಕಂಡರೆ ಯಾರೋ ತಪ್ಪು ಮಾಡಿದ್ದಾರೆ ಎಂದಲ್ಲ. ಈ ಗೊಂದಲ ಕಡಿಮೆ ಮಾಡಲೆಂದೇ ಲಂಡನ್ ಯೂನಿಫೈಡ್ ಪ್ರೇಯರ್ ಟೈಮ್‌ಟೇಬಲ್ ಎಂಬ ಒಂದೇ ಪಟ್ಟಿ ಇದೆ. ಎಲ್ಲ ಮಸೀದಿಗಳೂ ಅದನ್ನು ಹಿಡಿದಿಲ್ಲ. ಮಾಡಬಾರದ ಕೆಲಸ ಒಂದೇ: ಇಶಾಗೆ ಬೇಗ ಆಗುವ ಪಟ್ಟಿ, ಸಹರಿಗೆ (ಉಪವಾಸಕ್ಕೆ ಮುಂಚಿನ ಮುಂಜಾನೆಯ ಊಟಕ್ಕೆ) ತಡವಾಗುವ ಪಟ್ಟಿ ಎಂದು ಅನುಕೂಲ ನೋಡಿ ಆರಿಸಿಕೊಳ್ಳುವುದು.

ಕಿಬ್ಲಾ, ಅಂದರೆ ನಮಾಝಿಗೆ ಮುಖಮಾಡಿ ನಿಲ್ಲುವ ಮಕ್ಕಾದ ದಿಕ್ಕಿನ ಬಗ್ಗೆ ಎರಡು ಮಾತು. ಊರಲ್ಲಿ ಪಶ್ಚಿಮಕ್ಕೆ ನಿಂತು ಅಭ್ಯಾಸ. ಇಲ್ಲಿ ಉತ್ತರದಿಂದ ಪ್ರದಕ್ಷಿಣವಾಗಿ 119 ಡಿಗ್ರಿ, ಅಂದರೆ ಆಗ್ನೇಯ. ಫೋನಿನ ದಿಕ್ಸೂಚಿಯನ್ನು ರೇಡಿಯೇಟರ್, ಲಿಫ್ಟ್, ಕಬ್ಬಿಣದ ಮೇಜಿನ ಹತ್ತಿರ ಹಿಡಿದರೆ ಮುಳ್ಳು ಎತ್ತಲೋ ತಿರುಗುತ್ತದೆ. ನಕ್ಷೆ ತೆರೆದು ರಸ್ತೆ ಯಾವ ಕಡೆಗೆ ಓಡುತ್ತದೆಂದು ನೋಡಿ ಕೋಣೆಯ ಮೂಲೆ ಗೊತ್ತುಮಾಡಿಕೊಳ್ಳಿ.

ಆಫೀಸಿನಲ್ಲಿ ನಮಾಝಿಗೆಂದೇ ಬಿಡುವು ಕೊಡಲೇಬೇಕೆಂಬ ಕಾನೂನು ಇಲ್ಲ. ಆದರೆ 2010ರ ಸಮಾನತಾ ಕಾಯ್ದೆಯಡಿ, ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಅದು ತಾರತಮ್ಯವಾಗಬಹುದು. ಆರು ಗಂಟೆ ಮೀರಿ ದುಡಿಯುವವರಿಗೆ 20 ನಿಮಿಷದ ಬಿಡುವು ಹೇಗೂ ಇದೆ. ಸೇರಿದ ಮೊದಲ ವಾರದಲ್ಲೇ ಮ್ಯಾನೇಜರಿಗೆ ಹೊತ್ತು ಹೆಸರಿಸಿ ಕೇಳಿ: ನವೆಂಬರಿನಿಂದ ಫೆಬ್ರವರಿವರೆಗೆ ಮಧ್ಯಾಹ್ನ ಎರಡು ಸಲ ಹತ್ತು ಹತ್ತು ನಿಮಿಷ. "ದಿನಕ್ಕೆ ಐದು ಸಲ" ಎಂದು ಶುರುಮಾಡಿದರೆ ಕೇಳುವವರು ಸುಮ್ಮನೆ ಗಾಬರಿಯಾಗುತ್ತಾರೆ.

ವುಝೂವಿನಲ್ಲಿ (ನಮಾಝಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವುದರಲ್ಲಿ) ಕಷ್ಟ ಕಾಲಿನದು. ಆಫೀಸಿನ ಸಿಂಕಿಗೆ ಕಾಲೆತ್ತಿ ಇಟ್ಟರೆ ನೆಲವೆಲ್ಲ ನೀರು, ಮರುದಿನ ಗೋಡೆಗೆ ನೋಟಿಸು. ಚರ್ಮದ ಮೋಜಾ ಒಂದು ಜೊತೆ ಕೊಳ್ಳಿ, ಇಸ್ಲಾಮಿ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತದೆ. ಬೆಳಿಗ್ಗೆ ಕಾಲು ತೊಳೆದು ಪೂರ್ತಿ ವುಝೂ ಮಾಡಿದ ಮೇಲೆಯೇ ಅದನ್ನು ಹಾಕಬೇಕು. ಆಮೇಲೆ ಒದ್ದೆ ಬೆರಳುಗಳಿಂದ ಪಾದದ ಮೇಲ್ಭಾಗ ಸವರಿದರೆ ಸಾಕು. ಹಾಕಿದ ನಂತರ ಮೊದಲ ಸಲ ವುಝೂ ಮುರಿದ ಹೊತ್ತಿನಿಂದ 24 ಗಂಟೆ ನಡೆಯುತ್ತದೆ, ಪ್ರಯಾಣಿಕರಿಗೆ 72. ನಡುವೆ ಕಳಚಿದರೆ ಮತ್ತೆ ಕಾಲು ತೊಳೆಯಲೇಬೇಕು. ತೆಳು ಹತ್ತಿಯ ಸಾಕ್ಸಿನ ಮೇಲೆ ಸವರುವುದು ಹನಫಿ, ಶಾಫಿ ಇಬ್ಬರಿಗೂ ಸಲ್ಲದು.

ಜುಮಾ (ಶುಕ್ರವಾರದ ನಮಾಝ್) ಒಂದಕ್ಕಿಂತ ಹೆಚ್ಚು ಸಲ ನಡೆಸುವ ಮಸೀದಿಗಳಿವೆ, ಯಾವುದು ಎಷ್ಟಕ್ಕೆ ಎಂದು ಮೊದಲೇ ನೋಡಿ. ಬೇಸಿಗೆಯಲ್ಲಿ ಝುಹರ್ ಶುರುವಾಗುವುದೇ ಒಂದು ಗಂಟೆ ದಾಟಿ. ಕಾರಿನಲ್ಲಿ ಹೋಗುವವರಿಗೆ ಶುಕ್ರವಾರ ದಂಡ ಖಚಿತ ಎಂದೇ ತಿಳಿಯಿರಿ, ಪರ್ಮಿಟ್ ಇದ್ದವರಷ್ಟೇ ಕಾರು ನಿಲ್ಲಿಸಬಹುದಾದ ಬೀದಿಗಳಲ್ಲಿ ಆ ಹೊತ್ತಿಗೇ ವಾರ್ಡನ್ ಸುತ್ತುತ್ತಾರೆ. ನೆರೆಯವರ ಗೇಟಿಗೆ ಅಡ್ಡ ನಿಲ್ಲಿಸಿದರೆ ಬೈಗುಳ ತಿನ್ನುವುದು ಮಸೀದಿ ಕಮಿಟಿ.

ಹೆಂಗಸರಿಗೆ ಜಾಗ ಎಲ್ಲ ಮಸೀದಿಗಳಲ್ಲೂ ಇಲ್ಲ, ಫೋನ್ ಮಾಡಿ ಕೇಳಿಯೇ ಹೊರಡಿ. ಈಸ್ಟ್ ಲಂಡನ್ ಮಸೀದಿಯಲ್ಲಿ 2013ರಿಂದ ಮರ್ಯಮ್ ಸೆಂಟರ್ ಎಂಬ ಪ್ರತ್ಯೇಕ ಕಟ್ಟಡವೇ ಇದೆ. ಖುತ್ಬಾ (ಜುಮಾದ ಪ್ರವಚನ) ಯಾವ ಭಾಷೆಯಲ್ಲಿ ಎಂಬುದು ಬಡಾವಣೆಯ ಮೇಲೆ ಹೋಗುತ್ತದೆ; ಉರ್ದು ಬಾರದ ಕರಾವಳಿಯವರು ಇಂಗ್ಲಿಷ್ ಖುತ್ಬಾ ಇರುವಲ್ಲಿಗೆ ಹೋಗುವುದೇ ಲೇಸು. ಬಿಡುವಾದಾಗ ಬ್ರಿಕ್ ಲೇನ್ ಮಸೀದಿ ನೋಡಿಬನ್ನಿ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರ ಚರ್ಚಾಗಿ ಕಟ್ಟಿದ್ದು, ಮುಂದೆ ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಮಸೀದಿ. ಆ ಬೀದಿಗೆ ವಲಸೆ ಬಂದವರ ಸರದಿಯನ್ನು ಒಂದೇ ಕಟ್ಟಡದಲ್ಲಿ ಕಾಣಬಹುದು.

ಮಾಂಸದ ಅಂಗಡಿಯಲ್ಲಿ ಬರೀ "ಹಲಾಲ್" ಎಂಬ ಬೋರ್ಡು ಸಾಲದು. ಎಚ್‌ಎಂಸಿ, ಎಚ್‌ಎಫ್‌ಎ ಹಲಾಲ್ ಮುದ್ರೆ ಕೊಡುವ ಎರಡು ಸಂಸ್ಥೆಗಳು. ಎಚ್‌ಎಂಸಿ ಮುದ್ರೆಯೆಂದರೆ ಪ್ರಾಣಿಗೆ ಪ್ರಜ್ಞೆ ತಪ್ಪಿಸದೆ ಝಬಹ್ ಮಾಡಿದ್ದು, ಅಂದರೆ ಧರ್ಮವಿಧಿಯಂತೆ ಕೊಯ್ದದ್ದು. ಎಚ್‌ಎಫ್‌ಎ, ಪ್ರಾಣಿ ಸಾಯದಂತೆ ಪ್ರಜ್ಞೆ ತಪ್ಪಿಸುವುದನ್ನು ಒಪ್ಪುತ್ತದೆ. ನಿಮಗೆ ಯಾವುದು ಸರಿ ಎಂದು ಮನೆಯಲ್ಲಿ ಮಾತಾಡಿ ತೀರ್ಮಾನಿಸಿ.

ಇಲ್ಲಿ ಮಸೀದಿಯಲ್ಲಿ ನಿಕಾಹ್ ಆದ ಮಾತ್ರಕ್ಕೆ ಕಾನೂನಿನ ಕಣ್ಣಿಗೆ ಮದುವೆ ಆದಂತಲ್ಲ. ರಿಜಿಸ್ಟರ್ ಆಫೀಸಿಗೆ ಕನಿಷ್ಠ 28 ದಿನ ಮೊದಲೇ ನೋಟಿಸು ಕೊಟ್ಟು ಸಿವಿಲ್ ಮದುವೆಯನ್ನೂ ಮಾಡಿಸಿ. ಹಾಗೆ ಮಾಡದೆ ಸಂಬಂಧ ಮುರಿದರೆ ಮನೆ, ಆಸ್ತಿಯಲ್ಲಿ ಹೆಂಡತಿಯ ಹಕ್ಕು ಗಾಳಿಗೆ ತೂರಿದಂತೆ.

ಸಾವಿನ ವಿಷಯವನ್ನು ಯಾರೂ ಮೊದಲೇ ಕೇಳುವುದಿಲ್ಲ, ಕೇಳಬೇಕು. ಊರಿನಂತೆ ಅದೇ ದಿನ ದಫನ ಇಲ್ಲಿ ಕಷ್ಟ: ವೈದ್ಯರ ಪ್ರಮಾಣಪತ್ರವನ್ನು ಮೆಡಿಕಲ್ ಎಕ್ಸಾಮಿನರ್ (ಸಾವಿನ ಕಾರಣ ಪರಿಶೀಲಿಸುವ ಇನ್ನೊಬ್ಬ ವೈದ್ಯರು) ನೋಡಬೇಕು, ಸಾವನ್ನು ಐದು ದಿನದೊಳಗೆ ನೋಂದಾಯಿಸಬೇಕು, ಕಾಗದ ಕೈಗೆ ಬಂದ ಮೇಲೆ ಮುಂದಿನದು. ಶವವನ್ನು ಊರಿಗೆ ಕಳಿಸಬೇಕಾದರೆ ಕಾರೊನರ್ (ಸಾವುಗಳ ವಿಚಾರಣೆಯ ಅಧಿಕಾರಿ) ಅನುಮತಿ ಬೇರೆ. ಮಸೀದಿಯಲ್ಲಿ ಜನಾಝಾ (ಅಂತ್ಯಕ್ರಿಯೆ) ನಿಧಿ ಇದ್ದರೆ ವರ್ಷದ ಚಂದಾ ಕಟ್ಟಿ ಸೇರಿಕೊಳ್ಳಿ. ಪೂರ್ವ ಲಂಡನ್ನಿನವರಿಗೆ ಹೈನೋಲ್ಟ್‌ನ ಗಾರ್ಡನ್ಸ್ ಆಫ್ ಪೀಸ್ ಮುಸ್ಲಿಮರದೇ ಖಬರಸ್ತಾನ.

ಈದ್ ರಜೆ ಕೇಳುವಾಗ ಒಂದೇ ತಾರೀಖು ಬರೆಯಬೇಡಿ. ಸೌದಿ ಘೋಷಣೆ ಹಿಡಿಯುವವರು, ಚಂದ್ರ ಕಂಡ ಸುದ್ದಿ ಹತ್ತಿರದಿಂದ ಬಂದರೆ ಮಾತ್ರ ಒಪ್ಪುವವರು ಇಲ್ಲಿ ಅಕ್ಕಪಕ್ಕದ ಮನೆಯವರು; ಎರಡು ಈದ್ ಆಗುವ ವರ್ಷಗಳೂ ಇವೆ. "ಈ ಎರಡರಲ್ಲಿ ಒಂದು ದಿನ, ಹಿಂದಿನ ಸಂಜೆ ತಿಳಿಸುತ್ತೇನೆ" ಎಂದು ತಿಂಗಳ ಮೊದಲೇ ಬರೆದಿಟ್ಟರೆ ಮ್ಯಾನೇಜರ್ ಹೊಂದಿಸಿಕೊಳ್ಳುತ್ತಾರೆ. ಫಿತ್ರ್ ಝಕಾತ್, ಅಂದರೆ ರಮಝಾನ್ ಮುಗಿಯುವಾಗ ಕೊಡುವ ದಾನ, ತಲೆಗೆ ಇಷ್ಟೆಂದು ಮಸೀದಿಯೇ ಹೇಳುತ್ತದೆ. ಅದು ಬಡವರ ಕೈ ಸೇರಬೇಕಾದ್ದು ಈದ್ ನಮಾಝಿಗೆ ಮೊದಲು, ಹಾಗಾಗಿ ಡಬ್ಬಿಗೆ ಹಾಕುವುದನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳಬೇಡಿ.